ಕಂಬದಾಟಕ್ಕೆ ಎಷ್ಟು ಕಂಬ?

— ಬನ್ನಿ ಮಾವ, ಚೀಲ ಕೊಡಿ. ಅಬ್ಬಾ, ಏನಿದು ಇಷ್ಟು ಭಾರ? ಹಲಸಿನಕಾಯಿ ಹೊತ್ತು ತಂದ್ರಾ?

— ಹಂಚು ಕಣೇ. ಹಳೇ ಕೊಟ್ಟಿಗೆ ಬಿಚ್ಚಿಸಿದ್ವಲ್ಲ, ಅದರ ಮಾಡಿನದ್ದು. ಒಡೆದ ಚೂರನ್ನೇ ಆರಿಸಿ ತಂದೆ. ಕಂಡಕ್ಟರ್ ಚೀಲ ಎತ್ತಿ ನೋಡಿ ಲಗೇಜು ಚಾರ್ಜು ಹಾಕಿದ. ಆ ಸ್ಟೀಲ್ ಡಬ್ಬಿ ಜೋಪಾನ, ಓರೆ ಮಾಡಬೇಡ.

— ಅತ್ತೆ ಅಪ್ಪೆಮಿಡಿ ಕಳಿಸಿದ್ರಾ?

— ಅಪ್ಪೆಮಿಡಿ ಬೇರೆ ಇದೆ. ಇದು ಹೆಪ್ಪು. ಯಾತಕ್ಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ನಿನ್ನ ಮೀನು ತೋರಿಸು.

— ಅದೇ ಆಗದ ಕೆಲಸ. ಮೀನಿದೆ ಅನ್ನೋದಕ್ಕೆ ಅಂಗಡಿ ಬಿಲ್ಲೊಂದೇ ಸಾಕ್ಷಿ. ಐದು ತಂದು 19 ದಿನ ಆಯ್ತು. ಬಾಲ ಕಂಡಿದ್ದು ಎರಡು ಸಲ. ಕೂಲಿ ಲೋಚ್ ಅಂತೆ ಹೆಸರು. ಕೂಲಿಯವರಾದರೆ ಬೆಳಗಾದ ಕೂಡಲೇ ಬರಬೇಕಪ್ಪ!

— ಇದು ರಾತ್ರಿ ಪಾಳಿ. ಆ ಹೆಸರಿಗೂ ನಮ್ಮ ಕೂಲಿಗೂ ಸಂಬಂಧ ಇಲ್ಲ ಮಾರಾಯ್ತಿ. ಹೈನ್ರಿಷ್ ಕೂಲ್ ಅಂತ ಒಬ್ಬ ಜರ್ಮನ್ ಹುಡುಗ. ಪ್ರಾಣಿಗಳನ್ನು ಅಭ್ಯಾಸ ಮಾಡೋಕೆ ಜಾವಾಕ್ಕೆ ಹೋದ. ಹೋಗಿ ವರ್ಷ ತುಂಬಿರಲಿಲ್ಲ, 1821ರಲ್ಲಿ ಅಲ್ಲೇ ತೀರಿಕೊಂಡ. 23 ವರ್ಷ. ಆಮೇಲೆ 1846ರಲ್ಲಿ ಫ್ರಾನ್ಸಿನ ವಾಲಾನ್ಸಿಯೆನ್ ಈ ಮೀನಿಗೆ ಅವನ ಹೆಸರಿಟ್ಟ. ಅಂಗಡಿಯವರು ಕೂಲಿ ಅಂತ ಕೊಡೋದು ಬಹುಪಾಲು ಅದರ ದಾಯಾದಿ ಇನ್ನೊಂದು ಜಾತಿ. ಸ್ವಭಾವ ಮಾತ್ರ ಒಂದೇ. ಸರಿ, ಏನೇನು ಇಟ್ಟಿದ್ದೀ ನೋಡೋಣ. ನೀಲಿ ಬಣ್ಣದ ಜಲ್ಲಿ. ಪ್ಲಾಸ್ಟಿಕ್ ಹಡಗು. ಬಾಯಿ ಬಿಟ್ಟು ಗುಳ್ಳೆ ಉಗುಳೋ ಪೆಟ್ಟಿಗೆ. ಹಿಂದೆ ಹವಳದ ಚಿತ್ರ. ಈ ಲೈಟು ಎಷ್ಟು ಹೊತ್ತು ಉರಿಯುತ್ತೆ?

— ನಾನು ಎದ್ದಾಗಿಂದ ಮಲಗೋವರೆಗೆ. ಮೀನು ಕಾಣಲಿ ಅಂತ.

— ಅದಕ್ಕೇ ಕಾಣ್ತಿಲ್ಲ. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನ ನಡುವೆ ಚಾಪೆ ಹಾಸಿ, ಮಲಗು ಅಂದ ಹಾಗಿದೆ. ನಾಲ್ಕೂ ಕಡೆ ಗಾಜು, ನೆತ್ತಿ ಮೇಲೆ ಮಧ್ಯಾಹ್ನ.

— ಅಡಗೋಕೆ ಹಡಗಿದೆಯಲ್ಲ ಮಾವ! ಅಂಗಡಿಯವನು ಅದಕ್ಕೆ ಅಂತಲೇ ಮಾರಿದ.

— ಅದೊಂದೇ ಇದೆ. ನೀನು ಸಣ್ಣವಳಿದ್ದಾಗ ರಜೆಗೆ ಬಂದರೆ ನಮ್ಮ ಜಗಲಿಯಲ್ಲಿ ಕಂಬದಾಟ ಆಡ್ತಿದ್ರಲ್ಲ, ಎಷ್ಟು ಕಂಬ ಅಲ್ಲಿ?

— ಆರು. ಮೂಲೆ ಕಂಬಕ್ಕೆ ಯಾವಾಗಲೂ ಜಗಳ.

— ಒಂದೇ ಕಂಬ ಇದ್ದಿದ್ದರೆ?

— ಆಟ ಎಲ್ಲಿ ಬಂತು? ಹಿಡಿದವಳು ತಬ್ಬಿಕೊಂಡು ಕೂತುಬಿಡ್ತಿದ್ದಳು.

— ನಿನ್ನ ಮೀನೂ ಹಡಗನ್ನು ತಬ್ಬಿಕೊಂಡು ಕೂತಿದೆ. ಬಿಟ್ಟು ಹೊರಟರೆ ಮುಂದಿನ ಕಂಬ ಇಲ್ಲ. ಬದುವಿನ ಏಡಿ ನೋಡಿದ್ದೀಯಲ್ಲ? ಬಿಲದ ಬಾಯಲ್ಲಿದ್ದರೆ ನೀನು ಕೈಯಳತೆಗೆ ಬರೋವರೆಗೂ ಕದಲಲ್ಲ. ಅದೇ ಏಡಿ ಗದ್ದೆ ಮಧ್ಯ ಇದ್ದರೆ ನಿನ್ನ ನೆರಳು ಕಂಡರೂ ಓಟ. ತಿರುಗಿ ಓಡಿ ಸೇರಬಹುದಾದಷ್ಟು ದೂರ ಮಾತ್ರ ಅದು ಹೊರಗೆ ಬರೋದು. ಈ ಎರಡಡಿ ಟ್ಯಾಂಕಿನಲ್ಲಿ ಆ ದೂರ ಗೇಣುದ್ದವೂ ಇಲ್ಲ.

— ಅಂದ್ರೆ ಅಡಗೋ ಜಾಗ ಜಾಸ್ತಿ ಕೊಟ್ಟಷ್ಟೂ ಮೀನು ಜಾಸ್ತಿ ಕಾಣುತ್ತೆ? ಈ ಲೆಕ್ಕ ಉಲ್ಟಾ ಇದೆ.

— ಉಲ್ಟಾನೇ. ನನಗೂ ತಡವಾಗಿ ಗೊತ್ತಾಗಿದ್ದು. ನನ್ನ ಫೋಟೋ ಸ್ಟುಡಿಯೋದಲ್ಲಿ ಗಿರಾಕಿ ಕೂರೋ ಬೆಂಚಿನ ಪಕ್ಕ ಏಂಜೆಲ್ ಮೀನಿನ ಟ್ಯಾಂಕ್ ಇಟ್ಟಿದ್ದೆ, ನೆನಪಿದೆಯಾ? ಒಳಗೆ ಫ್ಲ್ಯಾಶ್ ಹೊಡೆದಾಗೆಲ್ಲ ಅವು ಗಾಜಿಗೆ ಢಿಕ್ಕಿ ಹೊಡೀತಿದ್ದವು. ಮಕ್ಕಳು ನಾಣ್ಯದಲ್ಲಿ ಬಡಿಯೋರು. ಚೆಂದ ಕಾಣಲಿ ಅಂತ ಹೊನ್ನಾವರದ ಕಡಲ ದಂಡೆಯಿಂದ ಚಿಪ್ಪು ತಂದು ಬೇರೆ ಸುರಿದಿದ್ದೆ. ಚಿಪ್ಪಿನ ಸುಣ್ಣ ಕರಗಿ ನೀರು ಗಡಸಾಯ್ತು. ಮೂರು ಸತ್ತವು. ಕೊನೆಗೆ ಬೇಜಾರಾಗಿ ಡಾರ್ಕ್‌ರೂಮಿನ ಕಪ್ಪು ಬಟ್ಟೆ ಹೊದಿಸಿ, ಜಲಗಿಡ ತುಂಬಿ, ಎರಡು ವಾರ ಆ ಕಡೆ ತಿರುಗಿಯೂ ನೋಡಲಿಲ್ಲ. ಬಟ್ಟೆ ತೆಗೆದಾಗ ಉಳಿದವು ಗಿಡದ ನಡುವಿಂದ ಸಾವಕಾಶ ಮುಂದೆ ಬಂದು ನನ್ನನ್ನೇ ನೋಡಿದವು. ಅವತ್ತು ಫೋಟೋ ತೆಗೀಬೇಕು ಅನ್ನಿಸಿತು, ತೆಗೀಲಿಲ್ಲ. ಹ್ಞಾಂ, ಒಂದು ಮುಚ್ಚಳದ ಬಕೆಟ್ ತಾ. ಇದೇ ಟ್ಯಾಂಕಿನ ನೀರು ಅರ್ಧ ತುಂಬಿಸು.

— ಬಲೆ ಇದೆ, ಕೊಡಲಾ?

— ಬೇಡ. ಇದರ ಕಣ್ಣ ಕೆಳಗೆ ಸಣ್ಣ ಮುಳ್ಳಿರುತ್ತೆ. ಹೆದರಿದಾಗ ಅದನ್ನು ನಿಗುರಿಸುತ್ತೆ, ಬಲೆಗೆ ಸಿಕ್ಕಿಕೊಂಡರೆ ಬಿಡಿಸೋಕೆ ಹೋಗಿ ನಾವೇ ಗಾಯ ಮಾಡ್ತೀವಿ. ಬಟ್ಟಲಿನಲ್ಲಿ ಬಳಿಯೋಣ. ಹಡಗನ್ನು ಹಾಗೇ ಎತ್ತಿ ಬಕೆಟ್ಟಿಗೆ ಇಳಿಸು, ಮೆಲ್ಲಗೆ. ನೋಡು, ಎಷ್ಟಿವೆ?

— ಒಂದು, ಎರಡು... ನಾಲ್ಕು! ಎಷ್ಟು ಚೆಂದ ಇದೆ, ಹಳದಿ ಮೇಲೆ ಕಂದು ಪಟ್ಟೆ! ಸೊಂಟದ ಡಾಬಿನ ಹಾಗೆ. ಐದನೆಯದು?

— ಜಲ್ಲಿ ಕೆದಕು. ಇಲ್ವಾ? ಫಿಲ್ಟರ್ ಸ್ವಿಚ್ ಆಫ್ ಮಾಡಿ ಮುಚ್ಚಳ ತೆಗಿ. ಕೈ ಹಾಕಬೇಡ, ಒಟ್ಟಿಗೆ ಬಕೆಟ್ಟಿಗೆ ಬಗ್ಗಿಸು.

— ಅಯ್ಯೋ ದೇವರೇ! ಇದರೊಳಗಾ? ಬದುಕಿದೆ! ಎಲ್ಲಕ್ಕಿಂತ ದಪ್ಪ ಇದೇ ಇದೆ!

— ಇಡೀ ಟ್ಯಾಂಕಿನಲ್ಲಿ ಕತ್ತಲೆ, ಇಕ್ಕಟ್ಟು, ಊಟ ಮೂರೂ ಇದ್ದ ಒಂದೇ ಮನೆ ಅದು. ನೀರೆಳೆಯೋ ಬಾಯಿಗೆ ಇವತ್ತೇ ಸ್ಪಂಜು ಕಟ್ಟೋಣ. ಆದರೆ ಇದು ನಮಗೆ ಪಾಠ ಹೇಳ್ತಿದೆ ನೋಡು. ಈ ಮೀನಿಗೆ ವಿಶಾಲವಾದ ಗುಹೆ ಬೇಡ. ಮೈ ಎರಡೂ ಕಡೆ ತಾಗಬೇಕು, ಬೆನ್ನಿಗೂ ಹೊಟ್ಟೆಗೂ. ನಿನ್ನ ಹಡಗಿನ ಹೊಟ್ಟೆ ಅದರ ಪಾಲಿಗೆ ಕಲ್ಯಾಣ ಮಂಟಪ. ಗತಿಯಿಲ್ಲದೆ ಇದ್ದವು.

— ಅದಕ್ಕೇ ಹಂಚು!

— ಅದಕ್ಕೇ. ಒಂದರ ಮೇಲೊಂದು ಒರಗಿಸಿದರೆ ನಡುವೆ ಬೆರಳು ತೂರೋ ಸಂದು. ಸುಟ್ಟ ಮಣ್ಣು, ಬಣ್ಣ ಹಚ್ಚಿಲ್ಲ, ನೀರಿಗೆ ಏನೂ ಬಿಡಲ್ಲ. ಚೂಪಾದ ಅಂಚನ್ನೆಲ್ಲ ಒಳಕಲ್ಲಿಗೆ ಉಜ್ಜಿ ತಂದಿದ್ದೀನಿ. ಇಕ್ಕಟ್ಟಿನ ವಿಷಯಕ್ಕೆ ಬಂದರೆ ಇದರ ಬಳಗದ್ದು ವಿಚಿತ್ರ ಕತೆ. ಕೇರಳದ ಕೋಝಿಕ್ಕೋಡು ಜಿಲ್ಲೆಯ ಒಂದು ಬಾವಿಯಲ್ಲಿ ಸಿಕ್ಕ ಜಾತಿಗೆ 2019ರಲ್ಲಿ ಪಾಂಜಿಯೊ ಭುಜಿಯಾ ಅಂತ ಹೆಸರಿಟ್ಟರು. ನಾವು ತಿನ್ನೋ ಭುಜಿಯಾದ ಹೆಸರೇ. ಅಷ್ಟೇ ಸಣ್ಣ, ಅಷ್ಟೇ ತೆಳು. ಜಂಬಿಟ್ಟಿಗೆ ಕಲ್ಲಿನ ಒಳಗಿನ ಸಂದುಗೊಂದಿಗಳ ನೀರಲ್ಲಿ ಅದರ ವಾಸ. ಚೆಂಗನ್ನೂರಿನ ಕಡೆ ಸಿಕ್ಕ ಇನ್ನೊಂದಕ್ಕೆ 2022ರಲ್ಲಿ ಪಾತಾಳ ಅಂತಲೇ ಹೆಸರಿಟ್ಟರು. ನೀನು 19 ದಿನಕ್ಕೆ ಗೊಣಗ್ತೀಯ. ಅವು ಮನೆ ಬಾವಿಯ ತಳದಲ್ಲಿದ್ದೂ ಇಷ್ಟು ಕಾಲ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ.

— ಸರಿ, ಗೊಣಗಲ್ಲ. ಈ ನೀಲಿ ಜಲ್ಲಿ ಏನು ಮಾಡಲಿ?

— ಕುಂಡದ ಮೇಲೆ ಹರಡು. ಇದು ಮರಳಿನ ಮೀನು. ತಳ ಮೂಸ್ತಾ, ಬಾಯಲ್ಲಿ ಮರಳು ತಗೊಂಡು ಕಿವಿರಿನಿಂದ ಬಿಡ್ತಾ ತಿಂಡಿ ಹುಡುಕುತ್ತೆ. ಬೇಸರ ಬಂದರೆ ತಲೆ ಮಾತ್ರ ಹೊರಗಿಟ್ಟು ಹೂತುಕೊಳ್ಳುತ್ತೆ. ಈ ಜಲ್ಲಿ ಮೇಲೆ ಮೀಸೆ ಸವೆದು ಹೋಗುತ್ತೆ ಅಷ್ಟೆ. ನಿಮ್ಮ ಬೀದಿಯಲ್ಲಿ ಮನೆ ಕಟ್ಟೋರಿದ್ದಾರಲ್ಲ, ಒಂದು ಪುಟ್ಟಿ ಮರಳು...

— ಅಲ್ಲಿರೋದು ಎಂ-ಸ್ಯಾಂಡ್.

— ಹಾಗಾದರೆ ಬೇಡವೇ ಬೇಡ. ಅದು ಒಡೆದ ಕಲ್ಲು, ಪ್ರತಿ ಕಾಳಿಗೂ ಮೂಲೆ. ಹೊಳೆ ಮರಳು ಉರುಳಿ ಉರುಳಿ ನುಣುಪಾಗಿರುತ್ತೆ. ಅಕ್ವೇರಿಯಂ ಅಂಗಡಿಯಲ್ಲೇ ನಯವಾದ ಮರಳು ಸಿಗುತ್ತೆ, ದುಡ್ಡು ಕೊಡು. ಎರಡು ಬೆರಳು ದಪ್ಪ ಸಾಕು. ಅಕ್ಕಿ ತೊಳೆದ ಹಾಗೆ ನೀರು ತಿಳಿಯಾಗೋವರೆಗೆ ತೊಳಿ. ಅಂದ ಹಾಗೆ, ಅಲ್ಲಿ ಕಲ್ಲೂ ಮಾರ್ತಾರೆ. ಕೊಂಡರೆ ಒಂದು ಹನಿ ನಿಂಬೆರಸ ಬಿಟ್ಟು ನೋಡು. ಬುರುಬುರು ನೊರೆ ಬಂದರೆ ಸುಣ್ಣದ ಕಲ್ಲು, ವಾಪಸ್ ಕೊಡು. ಬೆಂಗಳೂರಿನ ಗ್ರಾನೈಟ್ ಆದರೆ ಕಣ್ಣು ಮುಚ್ಚಿ ಹಾಕಬಹುದು.

— ಹಡಗು ಎಸೀಬೇಡಿ ಮಾವ. ಮಗ ಸ್ಕೂಲಿಂದ ಬಂದು ಹಡಗೆಲ್ಲಿ ಅಂತ ಕೇಳ್ತಾನೆ, ಅವನೇ ಆರಿಸಿದ್ದು.

— ಇರಲಿ. ಅವನದ್ದೂ ಟ್ಯಾಂಕ್ ಅಲ್ವಾ. ಆದರೆ ಈ ಸುತ್ತಿನ ಕಿಟಕಿಗಳಿಗೆಲ್ಲ ಪಾಚಿ ಗಿಡ ತುರುಕೋಣ. ಇವತ್ತು ತೂರೋ ಮೀನು ಆರು ತಿಂಗಳಲ್ಲಿ ದಪ್ಪ ಆಗಿ ಸಿಕ್ಕಿಕೊಂಡರೆ ಅಲ್ಲೇ ಹೋಗುತ್ತೆ. ಬಾಗಿಲು ಅಂದಮೇಲೆ ಎರಡಿರಬೇಕು, ಹೊಕ್ಕಿದ್ದು ಆಚೆ ಕಡೆಯಿಂದ ಹೊರಡೋ ಹಾಗೆ. ಈಗ ಹಂಚು ಇಡು. ಎಲ್ಲ ಒಂದೇ ಮೂಲೆಗಲ್ಲ! ಎಡಕ್ಕೆ ಎರಡು ಒರಗಿಸು, ನಡುವೆ ಒಂದು ತಗ್ಗಾಗಿ, ಬಲ ಹಿಂದುಗಡೆ ಮೂರು. ಇದರಿಂದ ಅದಕ್ಕೆ ಒಂದು ಗೇಣು ಮೀರಬಾರದು. ಮರಳು ಹಾಕೋ ಮೊದಲೇ ತಳಕ್ಕೆ ಊರಿಸು. ಮರಳಿನ ಮೇಲಿಟ್ಟರೆ ಅವು ಅಡಿಯಲ್ಲಿ ಕೊರೆದು ಹಂಚು ಮೈಮೇಲೆ ಕೂತೀತು.

— ನಡುವಿನ ಬಯಲು ಹಾಗೇ ಬಿಡೋದಾ?

— ಗಿಡ ಯಾಕಿದೆ ಮತ್ತೆ? ಕಂಬದಿಂದ ಕಂಬಕ್ಕೆ ಮಾಡು ಹಾಕೋದು ಗಿಡ. ಒದ್ದೆ ಪೇಪರಿನಲ್ಲಿ ಸುತ್ತಿದ್ದೀನಿ, ಬಿಚ್ಚು. ಇದು ಜಾವಾ ಫರ್ನ್. ಇದರ ಗೆಡ್ಡೆಯಂಥ ಕಾಂಡ ಇದೆಯಲ್ಲ, ಅದನ್ನು ಮಾತ್ರ ಹೂಳಬೇಡ, ಕೊಳೆಯುತ್ತೆ. ಹಂಚಿಗೆ ಹೊಲಿಗೆ ದಾರದಲ್ಲಿ ಕಟ್ಟು, ಬೇರು ತಾನೇ ಕಚ್ಚಿಕೊಳ್ಳುತ್ತೆ. ಇದು ಅನೂಬಿಯಸ್, ಆಫ್ರಿಕಾದ್ದು, ಮಹಾ ಸೋಮಾರಿ, ತಿಂಗಳಿಗೆ ಒಂದೆರಡು ಎಲೆ. ಅದಕ್ಕೂ ಇದೇ ಮರ್ಯಾದೆ. ಇವು ಕ್ರಿಪ್ಟೊಕೊರೈನ್. ಈ ಬಳಗದ್ದು ನಮ್ಮ ಘಟ್ಟದ ಹಳ್ಳಗಳಲ್ಲೂ ಇವೆ. ನಾಲ್ಕು ದಿನದಲ್ಲಿ ಎಲೆ ಎಲ್ಲ ಲೋಳೆಯಾಗಿ ಕರಗಿದರೆ ಗಾಬರಿಯಾಗಿ ಕಿತ್ತೆಸೆಯಬೇಡ.

— ಕರಗಿದ ಮೇಲೆ ಏನುಳೀತು?

— ಬೇರು. ನೀರು ಬದಲಾದರೆ ಅದಕ್ಕೆ ಹಳೇ ಎಲೆ ಒಗ್ಗಲ್ಲ. ಎಲ್ಲ ಕಳಚಿ, ಈ ನೀರಿಗೆ ತಕ್ಕ ಹೊಸ ಎಲೆ ಹುಟ್ಟಿಸುತ್ತೆ. ಮದುವೆಯಾಗಿ ಬೆಂಗಳೂರಿಗೆ ಬಂದಾಗ ನಿನಗೆ ಆರು ತಿಂಗಳು ಕೂದಲು ಉದುರಿತ್ತಲ್ಲ.

— ಅದು ಬೋರ್‌ವೆಲ್ ನೀರಿಗೆ!

— ಬಂದೆ ದಾರಿಗೆ. ಟ್ಯಾಂಕಿಗೂ ಬೋರ್ ನೀರು ಬೇಡ. ನಲ್ಲಿ ಮೇಲೆ ಈ ಬಿಳಿ ಕಲೆ ಕಟ್ಟಿದೆ ನೋಡು, ಅಷ್ಟು ಗಡಸು. ಕಾವೇರಿ ನೀರು ಬರೋ ದಿನ ಹಿಡಿದಿಟ್ಟುಕೋ. ಅದರಲ್ಲಿ ಕ್ಲೋರಿನ್ ಇರುತ್ತೆ. ಅದಕ್ಕೆ ಈ ಹರಳು, ಒಂದು ಚಿಟಿಕೆ.

— ಇದು ನಿಮ್ಮ ಹೈಪೊ ಅಲ್ವಾ? ಸ್ಟುಡಿಯೋದ ಆ ವಾಸನೆ!

— ಅದೇ ಸೋಡಿಯಂ ಥಯೋಸಲ್ಫೇಟ್. ಮೂವತ್ತು ವರ್ಷ ಇದರಲ್ಲಿ ಮದುಮಕ್ಕಳ ಮುಖ ಫಿಕ್ಸ್ ಮಾಡಿದೆ. ಡಿಜಿಟಲ್ ಬಂದ ಮೇಲೆ ಉಳಿದ ಡಬ್ಬಿ ಮೀನಿಗಾಯ್ತು. ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಅಂತ ಇದನ್ನೇ ಶೀಶೆಯಲ್ಲಿ ಮಾರ್ತಾರೆ. ಈಗ ಆ ಸ್ಟೀಲ್ ಡಬ್ಬಿ ತೆಗಿ.

— ಥೂ! ಕೆಸರು ಸ್ಪಂಜು! ಇದನ್ನ ಅಪ್ಪೆಮಿಡಿ ಜೊತೆ ತಂದ್ರಾ?

— ಹೆಪ್ಪು ಅಂದೆನಲ್ಲ. ನನ್ನ ಟ್ಯಾಂಕಿನ ಫಿಲ್ಟರಿನದ್ದು. ಮೀನಿನ ಕಸ, ಮಿಕ್ಕ ತಿಂಡಿ ಎಲ್ಲ ಕೊಳೆತು ಅಮೋನಿಯಾ ಆಗುತ್ತೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೇಟ್ ಮಾಡಿದ ಮೇಲೆ ಗಿಡಕ್ಕೆ ಗೊಬ್ಬರ. ಇವು ತಾವಾಗಿ ನೆಲೆಯೂರೋಕೆ 4ರಿಂದ 6 ವಾರ ಬೇಕು. ನೀನು ಅದನ್ನು ಕಾಯದೆ ಮೊದಲ ದಿನವೇ ಮೀನು ಬಿಟ್ಟೆ. ಬದುಕಿದ್ದು ಅವುಗಳ ಪುಣ್ಯ. ಈ ಸ್ಪಂಜನ್ನು ನಿನ್ನ ಫಿಲ್ಟರಿಗೆ ತುರುಕು. ಇನ್ನು ಮುಂದೆ ಸ್ಪಂಜು ತೊಳೆಯೋದಿದ್ದರೂ ಟ್ಯಾಂಕಿನಿಂದ ತೆಗೆದ ನೀರಲ್ಲೇ ಅದ್ದಿ ಹಿಂಡು. ನಲ್ಲಿ ಕೆಳಗೆ ಹಿಡಿದರೆ ಕ್ಲೋರಿನ್‌ಗೆ ಹೆಪ್ಪೆಲ್ಲ ಸಾಯುತ್ತೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸು. ತೆಗೆದ ನೀರನ್ನು ಗುಲಾಬಿಗೆ ಹಾಕು, ಅದು ನನ್ನ ಹೆಸರು ಹೇಳುತ್ತೆ.

— ಮೇಲೆ ತೇಲಿಸೋಕೆ ಇದೇನು ತಂದಿದ್ದೀರಿ, ಅಂತರಗಂಗೆಯಾ? ಕೆರೆ ಹಾಳು ಮಾಡುತ್ತೆ ಅಂತ ಬೈತಾರಲ್ಲ ಇದಕ್ಕೆ.

— ಕೆರೆಗೆ ಶನಿ. ಇಲ್ಲಿ ನಾಲ್ಕೇ ಗಿಡ, ಜಾಸ್ತಿಯಾದದ್ದನ್ನು ಕುಂಡಕ್ಕೆ ಹಾಕು, ಮೋರಿಗೆ ಮಾತ್ರ ಎಸೀಬೇಡ. ಇದರ ಬೇರು ನೀರಲ್ಲಿ ಜಡೆ ಬಿಟ್ಟ ಹಾಗೆ ಇಳಿಬಿದ್ದರೆ ಮೇಲಿನ ಬೆಳಕು ಸೋಸಿ ಬರುತ್ತೆ. ಲೈಟು ದಿನಕ್ಕೆ 6 ಗಂಟೆ, ಟೈಮರ್ ಹಾಕು. ಹವಳದ ಚಿತ್ರ ಕಿತ್ತು ಹಿಂದೆ, ಎಡ, ಬಲ ಮೂರೂ ಕಡೆ ಕಪ್ಪು ಚಾರ್ಟ್ ಪೇಪರ್ ಅಂಟಿಸು. ಮುಂದಿನ ಗಾಜಿಗೆ ಒಂದು ವಾರ ನ್ಯೂಸ್‌ಪೇಪರ್.

— ಮುಂದೆಯೂ ಮುಚ್ಚಿದರೆ ನಾನು ನೋಡೋದೇನು, ರಾಶಿ ಭವಿಷ್ಯವಾ?

— ಒಂದು ವಾರ ಅದೇ ನೋಡು. ಇನ್ನೊಂದು ಬಾಕಿ. ನಿಮ್ಮ ರಸ್ತೆಯಲ್ಲಿ ಆ ಕೊಡೆಯ ಹಾಗೆ ಹರಡಿರೋ ಬಾದಾಮಿ ಮರ ಇದೆಯಲ್ಲ, ಅದರ ಕೆಂಪಗಾಗಿ ಒಣಗಿ ಉದುರಿದ ಎಲೆ ನಾಲ್ಕು ತೊಳೆದು ಮುಳುಗಿಸು. ಈ ಮೀನಿನ ಊರಲ್ಲಿ ಹಳ್ಳದ ತಳ ತುಂಬ ತರಗೆಲೆ, ನೀರು ಟೀ ಡಿಕಾಕ್ಷನ್ ಬಣ್ಣ.

— ಅದು ಮಾತ್ರ ಬೇಡ. ಬಂದೋರೆಲ್ಲ ನೀರು ಬದಲಿಸಿಲ್ವಾ ಅಂತ ಕೇಳ್ತಾರೆ. ಹಾಲ್‌ನಲ್ಲಿ ಇಟ್ಟುಕೊಳ್ಳೋಳು ನಾನು. ನಿಮಗೇನು, ಬಸ್ ಹತ್ತಿ ಹೋಗ್ತೀರಿ.

— ಎರಡು ಎಲೆ?

— ಒಂದು.

— ಆಗಲಿ, ಒಂದು. ಮೀನು ನಿನ್ನ ಮನೆಯಲ್ಲಿರಬೇಕಾದದ್ದು, ನೀನು ಅದರ ಹಳ್ಳದಲ್ಲಲ್ಲ. ಒಪ್ಪಿದೆ. ಆದರೆ ಮುಚ್ಚಳದ ಆ ವೈರ್ ಸಂದಿಗೆ ಸ್ಪಂಜು ಇಡು. ಅದರಲ್ಲಿ ರಾಜಿ ಇಲ್ಲ. ರಾತ್ರಿ ನೆಗೆದರೆ ಬೆಳಿಗ್ಗೆ ಸೋಫಾದಡಿ ಒಣ ದಾರ ಸಿಗುತ್ತೆ.

*

— ಹಲೋ ಮಾವ, ನೀವಂದ ಹಾಗೇ ಆಯ್ತು. ಆ ಕ್ರಿಪ್ಟೊ ಎಲೆಯೆಲ್ಲ ಕರಗಿ ಹೋಯ್ತು. ನಾನು ಅತ್ತಿಲ್ಲ, ಮಗ ಅತ್ತ.

— ಕೊಳೆತದ್ದನ್ನು ಕತ್ತರಿಸು, ಬೇರು ಅಲ್ಲಾಡಿಸಬೇಡ. ಮೀನು?

— ಪೇಪರ್ ತೆಗೆದು ಮೂರು ದಿನ ಆಯ್ತು. ಸಂಜೆ ಎರಡು ಹಂಚಿನ ಸಂದಿಯಿಂದ ಮೂತಿ ಹಾಕ್ತವೆ, ನಾನು ಕಾಫಿ ಲೋಟ ಎತ್ತಿದರೂ ಮಾಯ. ತಿಂಡಿ ಸಂಜೆ ಹಾಕ್ತಿದ್ದೀನಿ.

— ಲೈಟು ಆರಿ ಅರ್ಧ ಗಂಟೆ ಆದಮೇಲೆ ಹಾಕು, ಮುಳುಗೋ ಗುಳಿಗೆ, ದಿನಾ ಒಂದೇ ಜಾಗದಲ್ಲಿ. ಇನ್ನು ಮೂರು ವಾರ ಬಿಟ್ಟು ಏಳೆಂಟು ಹಾರ್ಲೆಕ್ವಿನ್ ರಾಸ್ಬೋರ ತಾ, ಮೇಲ್ನೀರಲ್ಲಿ ಗುಂಪಾಗಿ ಈಜುತ್ತವೆ.

— ಜೀಬ್ರಾ ಮೀನು ಬೇಡವಾ? ನಮ್ಮ ಕಡೆ ಹಳ್ಳದ್ದೇ ಅಂದಿದ್ರಿ.

— ಹಳ್ಳದ್ದೇ, ಆದರೆ ಒಂದು ಕ್ಷಣ ನಿಲ್ಲಲ್ಲ. ಎರಡಡಿ ಜಾಗದಲ್ಲಿ ತಲೆ ಮೇಲೆ ಓಡಾಡಿದರೆ ಕೆಳಗಿನೋರಿಗೆ ಇನ್ನೂ ಗಾಬರಿ. ಕೆಳಗೆ ಅವಿತದ್ದು ಮೇಲಿನ ಮೀನನ್ನೇ ನೋಡ್ತಿರುತ್ತೆ. ಅವು ಆರಾಮಾಗಿ ಸುತ್ತುತ್ತಿದ್ದರೆ ಅಪಾಯ ಇಲ್ಲ ಅಂತ ಲೆಕ್ಕ. ಮಳೆಗಾಲದಲ್ಲಿ ಕೊಟ್ಟಿಗೆ ಹಿಂದೆ ಕಪ್ಪೆ ಕೂಗು ನಿಂತರೆ ನಿಮ್ಮಜ್ಜ ಬ್ಯಾಟರಿ ಹಿಡಿದು ಹೊರಗೆ ಹೋಗ್ತಿದ್ದರಲ್ಲ, ಹಾಗೆ.

*

— ಮಾವ, ನಿಧಾನ, ಅಲ್ಲಿ ಸ್ಟೂಲ್ ಇದೆ. ಈ ಕರೆಂಟ್ ನೀವು ಬಂದಾಗಲೇ ಹೋಗಬೇಕಾ?

— ನನಗೆ ಡಾರ್ಕ್‌ರೂಮಿನ ಕಣ್ಣು, ಎಡವಲ್ಲ. ಎಷ್ಟು ಹೊತ್ತಾಯ್ತು ಹೋಗಿ?

— ಮುಕ್ಕಾಲು ಗಂಟೆ. ಫಿಲ್ಟರ್ ನಿಂತಿದೆ, ಭಯ ಆಗ್ತಿದೆ.

— ಇಷ್ಟು ಕಡಿಮೆ ಮೀನಿಗೆ ಒಂದೆರಡು ಗಂಟೆ ಏನೂ ಆಗಲ್ಲ. ರಾತ್ರಿಯಿಡೀ ಆದರೆ ಯೋಚನೆ, ಕತ್ತಲಲ್ಲಿ ಗಿಡವೂ ಆಮ್ಲಜನಕ ಎಳೆಯುತ್ತೆ. ಆಗ ಲೋಟದಲ್ಲಿ ನೀರೆತ್ತಿ ಎತ್ತಿ ಮೇಲಿಂದ ಸುರಿ.

— ಟಾರ್ಚ್ ಹಾಕಲಾ? ಕೆಂಪು ಕಾಗದ ಕಟ್ಟಿಟ್ಟಿದ್ದೀನಿ. ಮೀನಿಗೆ ಕೆಂಪು ಕಾಣಲ್ಲ ಅಂತಾರಲ್ಲ?

— ನಾನೂ ಹಾಗೇ ನಂಬಿ ಸ್ಟುಡಿಯೋದ ಕೆಂಪು ಬಲ್ಬು ತಂದು ಹಾಕಿದ್ದೆ. ಗೋಲ್ಡ್ ಫಿಶ್‌ಗೆ ಕೆಂಪು ಚೆನ್ನಾಗೇ ಕಾಣುತ್ತೆ, ಇದೂ ಅದರ ದೂರದ ನೆಂಟ. ಕೆಲಸ ಮಾಡೋದು ಬಣ್ಣ ಅಲ್ಲ, ಮಂದ ಬೆಳಕು. ಗೋಡೆ ಕಡೆ ತಿರುಗಿಸಿ ಹಿಡಿ. ಹ್ಞಾಂ. ಈಗ ಉಸಿರಾಡು, ಮಾತಾಡಬೇಡ.

— ...

— ಕಂಡಿತಾ?

— ಹಡಗಿನ ಹತ್ತಿರ ಒಂದು. ಅದರ ಬೆನ್ನಿಗೇ ಇನ್ನೊಂದು. ಬಾದಾಮಿ ಎಲೆ ಅಡಿಯಲ್ಲಿ... ಮಾವ, ಎಲೆ ನಡೀತಿದೆ!

— ಕೆಳಗೆ ಎರಡಿವೆ, ಹೊತ್ತು ತಿರುಗ್ತಿವೆ. ನಾಲ್ಕು ಎಲೆ ಅಂದಿದ್ದೆ ನಾನು.

— ಗೊತ್ತು, ಸುಮ್ಮನಿರಿ. ಈಗ ನಡುವಿನ ಹಂಚಿಗೆ ಬಂತು. ಅಲ್ಲಿ ಕೂತಿತು. ಮತ್ತೆ ಫರ್ನ್ ಅಡಿಯಲ್ಲಿ ತೂರಿ ಬಲಕ್ಕೆ. ನಾವು ಹೀಗೇ ಆಡ್ತಿದ್ದಿದ್ದು, ಅಲ್ವಾ? ಐದನೆಯದು ಎಲ್ಲಿ? ಮತ್ತೆ ಫಿಲ್ಟರಿಗೆ ಹೋಯ್ತಾ?

— ಎದುರಿಗೇ ಇದೆಯಲ್ಲೇ, ಗಾಜಿಗೆ ಹೊಟ್ಟೆ ಒತ್ತಿ ಮೇಲೇರ್ತಿದೆ. ನಿನ್ನ ಮೂಗಿನಿಂದ ನಾಲ್ಕು ಬೆರಳು.

— ಅಯ್ಯೋ... ಹೌದು. ಕಣ್ಣು ಎಷ್ಟು ಸಣ್ಣ. ಅರೆ, ಕರೆಂಟ್ ಬಂತು! ಹಾಲ್ ಲೈಟ್ ಹಾಕಬೇಡಿ ಮಾವ, ಹಾಕಬೇಡಿ!

— ನಾನು ಸ್ವಿಚ್ ಹತ್ತಿರವೂ ಇಲ್ಲ. ಫಿಲ್ಟರ್ ಮಾತ್ರ ಹಾಕು, ಮೆಲ್ಲಗೆ.